ಬಿಳಿ ಹಾಳೆಗೆ ಊಟ ಹಾಕುವವರಿರಲಿಲ್ಲ

ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ನನಗೆ ಹೆದರದವರು ಇಬ್ಬರೇ. ಒಬ್ಬರು ಜನರಲ್ ಮ್ಯಾನೇಜರ್ ಸಾಹೇಬರು, ಇನ್ನೊಬ್ಬಳು ಪ್ರಯೋಗಾಲಯಕ್ಕೆ ಕಬ್ಬಿನ ಹಾಲಿನ ಸ್ಯಾಂಪಲ್ ಹೊತ್ತು ತರುತ್ತಿದ್ದ ಸುರೇಖಾ ಕಾಂಬಳೆ. ಉಳಿದವರೆಲ್ಲ, ಯೂನಿಯನ್ ಲೀಡರ್ ರಾಮಪ್ಪನೂ ಸೇರಿ, ನನ್ನ ಟೇಬಲ್ ಮುಂದೆ ನಿಂತರೆ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದರು. ಬಾಯಿ ಅಂಥದ್ದು ನನ್ನದು. ಅಂಥ ಬಾಯಿ ಇಲ್ಲದಿದ್ದರೆ ಗೋಕಾಕದ ಗಾದಿ ಹೊಲಿಯುವ ನದಾಫರ ಮಗಳು ಜಮೀಲಾ, ಗಂಡಸರೇ ತುಂಬಿದ ಕಾರ್ಖಾನೆಯ ಎಸ್ಟಾಬ್ಲಿಷ್‌ಮೆಂಟ್ ವಿಭಾಗದಲ್ಲಿ ಮೂವತ್ತು ಚಿಲ್ಲರೆ ವರ್ಷ ಬಾಳುವುದಾದರೂ ಹೇಗೆ?

ಈಗ ಅದೇ ಕುರ್ಚಿಯಲ್ಲಿ ಕೂರುವ ಹೊಸಬರನ್ನು ಎಚ್‌ಆರ್ ಅನ್ನುತ್ತಾರೆ. ಒಳ್ಳೆಯ ಮಕ್ಕಳು, ಪಾಪ. ಆಗಾಗ ಫೋನ್ ಮಾಡಿ, "ಮ್ಯಾಡಂ, ಈ ಕೆಲಸದಾಗ ಮುಖ್ಯ ಏನ್ರಿ?" ಎಂದು ಕೇಳುತ್ತಾರೆ. ಹಾಜರಿ, ರಜೆ, ಪಗಾರ ಇವನ್ನೆಲ್ಲ ಈಗ ಯಂತ್ರವೇ ಮಾಡುತ್ತದೆ. ಯಂತ್ರ ಮಾಡದ ಒಂದು ಕೆಲಸವಿದೆ. ಕೂಲಿಯವನ ಪಗಾರದಿಂದ ಮುಪ್ಪಿಗೆಂದು ಕಡಿದಿಟ್ಟ ಹಣ ಎಲ್ಲಿಗೆ ಹೋಗುತ್ತದೆ, ಅದರಲ್ಲಿ ಯಾರು ಯಾರು ಕೈಯಾಡಿಸುತ್ತಾರೆ ಎಂದು ನೋಡುವುದು. ನನಗೆ ಯಾವ ವರ್ಷ ಯಾವ ಬಡ್ತಿ ಬಂತು ಎಂದು ಬರೆದರೆ ನನ್ನ ತಮ್ಮನೂ ಓದುವುದಿಲ್ಲ. ಆ ಹಣಕ್ಕಾಗಿ ಮಾಡಿದ ಜಗಳ ಬರೆಯುತ್ತೇನೆ, ಅದನ್ನು ಓದಿ.

ಕಾರ್ಖಾನೆ ಇದ್ದುದು ಗೋಕಾಕ ಮತ್ತು ಮೂಡಲಗಿಯ ನಡುವೆ. ಹೆಸರು ಬೇಡ. ನಾನು ಸೇರಿದಾಗ ಹೆಡ್ ಕ್ಲಾರ್ಕ್ ಆಗಿದ್ದವರು ಇನಾಮದಾರರು. ದಪ್ಪ ಗಾಜಿನ ಕನ್ನಡಕ, ಬಾಯಲ್ಲಿ ಸದಾ ಲವಂಗ. ಮೊದಲನೇ ವಾರವೇ ನಾನು ಮೇಲವಂಕಿಯ ಒಬ್ಬ ಮುದುಕನಿಂದ ಯಾವುದೋ ಅರ್ಜಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಅವರ ಮುಂದಿಟ್ಟೆ. "ಇದರಾಗ ಏನ್ ಬರದೈತಿ ಅಂತ ಅಂವಗ ಓದಿ ಹೇಳಿದಿಯೇನವಾ?" ಎಂದರು. ಇಲ್ಲ ಎಂದೆ. "ಹಂಗಾರ ಇದು ಅಂವನ ಸಹಿ ಅಲ್ಲ, ನಿಂದು," ಎಂದು ಅರ್ಜಿ ಹರಿದು ನನ್ನ ಕೈಗೇ ಕೊಟ್ಟರು. ಆ ಮುದುಕ ಅಷ್ಟರಲ್ಲಿ ಬಸ್ ಹತ್ತಿದ್ದ. ನಾನು ಸೀರೆಯ ನೆರಿಗೆ ಎತ್ತಿಕೊಂಡು ಬಸ್ಸಿನ ಹಿಂದೆ ಓಡಿದ್ದನ್ನು ಗೇಟಿನ ವಾಚ್‌ಮನ್‌ಗಳು ವರ್ಷಗಟ್ಟಲೆ ಆಡಿಕೊಂಡು ನಕ್ಕರು. ಅಂದಿನಿಂದ ಓದಿ ಹೇಳದೆ ಯಾರಿಂದಲೂ ಸಹಿ ತೆಗೆದುಕೊಂಡಿಲ್ಲ. ಮುಂದೆ ನನ್ನ ಕೈ ಹಿಡಿದದ್ದು ಈ ಒಂದು ರೂಢಿಯೇ.

ನಮ್ಮ ವಿಭಾಗದಲ್ಲಿ ನನಗೆ ಹಿಡಿಸದ ಕೆಲಸ ಒಂದಿತ್ತು, ಕ್ವಾರ್ಟರ್ಸ್ ಖಾಲಿ ಮಾಡಿಸುವ ನೋಟಿಸ್ ಕೊಡುವುದು. ನಿವೃತ್ತಿಯಾದವನು ಒಂದು ತಿಂಗಳೊಳಗೆ ಕಂಪನಿಯ ಮನೆ ಬಿಡಬೇಕು. ಹೂವಿನ ಹಾರ ಹಾಕಿ, ಫೋಟೋ ತೆಗೆಸಿ, ಎಲ್ಲರೂ ಚಪ್ಪಾಳೆ ಹೊಡೆದ ಮರುದಿನ ನಾನು ಹೋಗಿ ನೋಟಿಸ್ ಕೊಡಬೇಕು. ಊರಲ್ಲಿ ಮನೆ ಇದ್ದವರು ಹೋಗುತ್ತಿದ್ದರು. ಇಲ್ಲದವರು ನನ್ನ ಟೇಬಲ್ ಮುಂದೆ ಬಂದು, "ಬಾಯಾರ, ಇನ್ನೊಂದ ತಿಂಗಳ," ಎನ್ನುತ್ತಿದ್ದರು. ಅದನ್ನು ಕೇಳಿದ ದಿನ ಮನೆಗೆ ಹೋಗಿ ನನಗೆ ಊಟ ಸೇರುತ್ತಿರಲಿಲ್ಲ.

ಸುರೇಖಾ ಅಂಥ ಕ್ವಾರ್ಟರ್ಸಿನಲ್ಲೇ ಇದ್ದಳು. ಊರು ಹುಕ್ಕೇರಿ ತಾಲೂಕಿನ ಹತ್ತರಗಿ. ಗಂಡ ನಮ್ಮಲ್ಲೇ ಫಿಟರ್ ಆಗಿದ್ದ, ಸಣ್ಣ ವಯಸ್ಸಿಗೇ ತೀರಿಕೊಂಡ. ಅವನ ಕೆಲಸ ಇವಳಿಗೆ ಸಿಕ್ಕಿತು, ಅವನಿದ್ದ ಒಂದು ಕೋಣೆಯ ಮನೆಯೂ ಇವಳ ಹೆಸರಿಗೆ ಬಂತು. ಮಕ್ಕಳಿರಲಿಲ್ಲ. ಹತ್ತರಗಿಯ ಗಂಡನ ಮನೆಯಲ್ಲಿ ಮೈದುನನ ಸಂಸಾರ ತುಂಬಿತ್ತು. ನಿವೃತ್ತಿಯಾದ ಮೇಲೆ ಎಲ್ಲಿಗೆ ಹೋಗುತ್ತೀ ಎಂದು ಒಮ್ಮೆ ಚಹಾ ಕುಡಿಯುವಾಗ ಕೇಳಿದೆ.

"ಮೈದುನ ಬಾ ಅಂತಾನ್ರಿ. ಪಡಸಾಲ್ಯಾಗ ಒಂದು ಹೊರಸು ಹಾಕಿಕೊಡ್ತಾನಂತ, ಎಮ್ಮಿ ಕಟ್ಟೂ ಬಾಜೂಕ," ಎಂದಳು.

"ಒಳ್ಳೇದಾತಲ್ಲ."

"ಏನ್ ಒಳ್ಳೇದ್ರಿ? ಪಡಸಾಲಿಗೆ ಕದಾ ಇಲ್ಲ. ಹೆಣ್ಣಮಗಳು ನಾ, ಕದಾ ಇಲ್ಲದಲ್ಲಿ ಹೆಂಗ ಮಲಗಲಿ? ನಂಗ ದೊಡ್ಡ ಮನಿ ಬ್ಯಾಡ ಬಾಯಾರ. ಒಳಗಿಂದ ಚಿಲಕಾ ಹಾಕ್ಕೋಳಾಕ ಬರೂ ಒಂದು ಖೋಲಿ ಸಾಕು."

ಅಷ್ಟು ನೇರವಾಗಿ ಹೇಳಿ, ನನ್ನ ಬಸಿಯಲ್ಲಿದ್ದ ಬಿಸ್ಕಿಟನ್ನೂ ತೆಗೆದುಕೊಂಡು ಎದ್ದು ಹೋದಳು. ಅದಕ್ಕೇ ಹೇಳಿದ್ದು, ಅವಳಿಗೆ ನನ್ನ ಹೆದರಿಕೆಯೇ ಇರಲಿಲ್ಲ.

ಅದಾದ ಕೆಲವೇ ದಿನಕ್ಕೆ ಕಂಪನಿ ಒಂದು ನಿವೃತ್ತಿ ಯೋಜನೆ ತಂದಿತು. ಪಿಎಫ್ ಬೇರೆ, ಇದು ಬೇರೆ. ಪಗಾರದಿಂದ ಒಂದು ಪಾಲು ನೌಕರನದು, ಅಷ್ಟೇ ಪಾಲು ಕಂಪನಿಯದು. ಆ ಹಣವನ್ನು ಯಾವ ನಿಧಿಯಲ್ಲಿ ಹಾಕಬೇಕೆಂದು ಮಾತ್ರ ನೌಕರನೇ ಆರಿಸಬೇಕು. ಆರಿಸಲು ನಾಲ್ಕು ನಿಧಿಗಳಿದ್ದವು, ನಾಲ್ಕಕ್ಕೂ ಒಂದೊಂದು ಹಾಳೆ ಬಂತು. ಹಸಿರು ಹಾಳೆ ಒಂದು ಪಿಂಚಣಿ ಪಾಲಿಸಿಯದು, ನುಣುಪಾದ ಕಾಗದ, ನಗುತ್ತ ಜೋಕಾಲಿ ಆಡುವ ಅಜ್ಜ ಅಜ್ಜಿಯ ಚಿತ್ರ. ಕೆಂಪು ಹಾಳೆ, ತಜ್ಞರು ಶೇರು ಆರಿಸಿ ಕೊಳ್ಳುವ ನಿಧಿಯದು, ಅದರ ಮೇಲೆ ಓಡುವ ಕುದುರೆ. ನೀಲಿ ಹಾಳೆ ಸಾಲಪತ್ರಗಳಲ್ಲಿ ಹಣ ಹಾಕುವ ಶಾಂತ ನಿಧಿಯದು. ನಾಲ್ಕನೆಯದು ಝೆರಾಕ್ಸ್ ಮಾಡಿದ ಬಿಳಿ ಹಾಳೆ. ಚಿತ್ರವಿಲ್ಲ, ಬಣ್ಣವಿಲ್ಲ. ದೇಶದ ದೊಡ್ಡ ಕಂಪನಿಗಳದ್ದೆಲ್ಲ ಸ್ವಲ್ಪ ಸ್ವಲ್ಪ ಶೇರು ಕೊಂಡು ಸುಮ್ಮನೆ ಇಟ್ಟುಕೊಳ್ಳುವ ನಿಧಿ ಅದು.

ನಾಲ್ಕನ್ನೂ ಮನೆಗೆ ಒಯ್ದು, ರವಿವಾರ ಇಡೀ ಕೂತು ಓದಿದೆ. ಹಾಳೆಗಳ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಯಾರು ವರ್ಷಕ್ಕೆ ಎಷ್ಟು ಹಿಡಿದುಕೊಳ್ಳುತ್ತಾರೆಂದು ಬರೆದಿತ್ತು. ಬಿಳಿಯವರದು ನೂರು ರೂಪಾಯಿಗೆ ಕೆಲವೇ ಪೈಸೆ, ಯಾಕೆಂದರೆ ಅಲ್ಲಿ ಜಾಣತನ ಮಾಡುವ ತಜ್ಞನಿಗೆ ಪಗಾರ ಇಲ್ಲ, ಏಜೆಂಟನಿಗೆ ಕಮಿಷನ್ ಇಲ್ಲ. ಕೆಂಪಿನವರದು ಎರಡು ರೂಪಾಯಿ. ಹಸಿರಿನವರು ಅದಕ್ಕೂ ಮೇಲೆ, ಅದರ ಜೊತೆಗೆ ಮೊದಲ ವರ್ಷಗಳಲ್ಲಿ ದೊಡ್ಡ ತುಂಡನ್ನೇ ಕಡಿದುಕೊಳ್ಳುತ್ತಿದ್ದರು. ಲೆಕ್ಕದ ಯಂತ್ರದಲ್ಲಿ ಸುರೇಖಾಳ ಉಳಿದ ಸರ್ವಿಸಿಗೆ ಒತ್ತಿ ನೋಡಿದೆ. ಹಿಡಿತ ಜಾಸ್ತಿ ಇದ್ದಲ್ಲಿ ಅವಳ ಖೋಲಿ ಕರಗಿ ಹೋಗುತ್ತಿತ್ತು. ಯಾ ಅಲ್ಲಾ, ಎರಡೇ ರೂಪಾಯಿ ಇಷ್ಟು ತಿನ್ನುತ್ತದೆಯೇ ಎಂದು ಮತ್ತೆ ಒತ್ತಿದೆ. ತಿನ್ನುತ್ತಿತ್ತು.

ನನ್ನ ಮೊದಲ ಪೆದ್ದತನ ಇಲ್ಲಿ ನಡೆಯಿತು. ಎಲ್ಲರನ್ನೂ ರೆಸ್ಟ್ ಶೆಡ್ಡಿನಲ್ಲಿ ಕೂರಿಸಿ ಭಾಷಣ ಮಾಡಿದೆ. ಚಕ್ರಬಡ್ಡಿ, ವೆಚ್ಚದ ಅನುಪಾತ, ದೀರ್ಘಾವಧಿ ಬೆಳವಣಿಗೆ ಎಂದು ಪುಸ್ತಕದ ಕನ್ನಡವನ್ನೆಲ್ಲ ಖರ್ಚು ಮಾಡಿದೆ. ಮುಂದಿನ ಸಾಲಿನಲ್ಲಿ ಒಬ್ಬ ಗೊರಕೆ ಹೊಡೆದ. ಮುಗಿದ ಮೇಲೆ ರಾಮಪ್ಪ ಎದ್ದು ನಿಂತು ಕೈಮುಗಿದು ಕೇಳಿದ, "ಎಲ್ಲಾ ಚೊಲೋ ಹೇಳಿದ್ರಿ ಬಾಯಾರ. ಖರೆ, ಬಿಳಿ ಪ್ಯಾನಲ್ಲಿನ ಯಜಮಾನ ಯಾರ್ರಿ?"

"ಪ್ಯಾನಲ್ಲು ಎಲ್ಲಿಂದ ಬಂತೋ ಇದರಾಗ?"

"ನಾಕ ಪ್ಯಾನಲ್ ನಿಂತಾವಲ್ರಿ ಮತ್ತ! ಹಸರು, ಕೆಂಪು, ನೀಲಿ, ಬಿಳಿ."

ಆಗ ನನ್ನ ತಲೆಗೆ ಹೊಳೆಯಿತು. ನಮ್ಮ ಕಡೆ ಸೊಸೈಟಿ ಚುನಾವಣೆ ಎಂದರೆ ಮನೆಮಂದಿಯೆಲ್ಲ ಒಂದು ಪ್ಯಾನಲ್ಲು. ಹಾಲಿನ ಸೊಸೈಟಿ, ಪತ್ತಿನ ಸೊಸೈಟಿ, ಕಾರ್ಖಾನೆಯ ಕ್ಯಾಂಟೀನ್ ಕಮಿಟಿ ಕೂಡ ಹಾಗೆಯೇ. ಯಾರ ಪ್ಯಾನಲ್ಲು ಗೆಲ್ಲುತ್ತದೋ ಅವರ ಹಿಂದೆ ನಿಂತವನಿಗೆ ಮಾತ್ರ ಕೆಲಸವಾಗುತ್ತದೆ, ಸೋತವರ ಹಿಂದೆ ನಿಂತವನು ಐದು ವರ್ಷ ಒಣಗಬೇಕು. ನಿಧಿಗಳನ್ನೂ ಇವರು ಹಾಗೇ ತಿಳಿದುಬಿಟ್ಟಿದ್ದರು! ಹೆಚ್ಚು ಟಿಕ್ ಬಿದ್ದ ಬಣ್ಣ ಅಧಿಕಾರಕ್ಕೆ ಬರುತ್ತದೆ, ಉಳಿದವರ ಹಣ ಮುಳುಗುತ್ತದೆ ಎಂದು. ಇದು ಹಾಗಲ್ಲ, ಒಬ್ಬೊಬ್ಬರ ಖಾತೆ ಒಬ್ಬೊಬ್ಬರದು, ಪಕ್ಕದವನು ಏನು ಹಾಕಿದರೂ ನಿನಗೆ ಸಂಬಂಧವಿಲ್ಲ ಎಂದು ಗಂಟಲು ಹರಿದುಕೊಂಡೆ. ಯಾರೂ ನಂಬಲಿಲ್ಲ. ಯಜಮಾನನೇ ಇಲ್ಲದ ಬಿಳಿ ಪ್ಯಾನಲ್ಲನ್ನಂತೂ ಅವರು ಲೆಕ್ಕಕ್ಕೇ ಹಿಡಿಯಲಿಲ್ಲ.

ಹಸಿರಿಗೆ ಯಜಮಾನ ಇದ್ದ. ಬೂಟು ಮಿನುಗುವ, ಸೆಂಟು ಘಮಘಮಿಸುವ ಏಜೆಂಟ್. ನಮ್ಮ ಜನರಲ್ ಮ್ಯಾನೇಜರ್ ಸಾಹೇಬರಿಗೆ ಷಡ್ಡಕನಾಗಬೇಕು. ಅವನು ರಾಮಪ್ಪನನ್ನು ಹಿಡಿದ, ರಾಮಪ್ಪ ಡಿಪಾರ್ಟ್‌ಮೆಂಟಿಗೊಬ್ಬನನ್ನು ಹಿಡಿದ. ಒಂದು ಬೆಳಿಗ್ಗೆ ರಾಮಪ್ಪ ಫಾರ್ಮುಗಳ ಕಟ್ಟನ್ನೇ ನನ್ನ ಟೇಬಲ್ ಮೇಲೆ ತಂದಿಟ್ಟ. ಎಲ್ಲದರಲ್ಲೂ ಹಸಿರಿಗೇ ಟಿಕ್, ಎಲ್ಲವೂ ಒಂದೇ ಪೆನ್ನಿನಲ್ಲಿ, ಒಂದೇ ಕೈಯಿಂದ. ಸುರೇಖಾಳದೂ ಅದರಲ್ಲಿತ್ತು. ಖಾಲಿ ಫಾರ್ಮಿಗೆ ಅವಳೂ ಎಲ್ಲರಂತೆ ಸಹಿ ಮಾಡಿ ಲೀಡರನ ಕೈಗೆ ಕೊಟ್ಟಿದ್ದಳು.

"ತಗೊಂಡ ಹೋಗಪಾ ಇವನ್ನ," ಎಂದೆ.

"ಯಾಕ್ರಿ? ಸಹಿ ಅದಾವಲ್ರಿ!"

"ಸಹಿ ಅವರದು, ಟಿಕ್ ನಿಂದು. ನಾ ಒಬ್ಬೊಬ್ಬರನ್ನ ಮುಂದ ಕುಂಡ್ರಿಸಿ ಓದಿ ಹೇಳೂತನಾ ಒಂದೂ ಫಾರ್ಮ್ ಒಳಗ ಹೋಗೂದಿಲ್ಲ. ನಡಿ."

ರಾಮಪ್ಪ ನೇರ ಸಾಹೇಬರ ಚೇಂಬರಿಗೆ ಹೋದ. ಅರ್ಧ ತಾಸಿನಲ್ಲಿ ನನಗೆ ಕರೆ ಬಂತು. ಸಾಹೇಬರು ಕೆಟ್ಟವರೇನಲ್ಲ. ಮಷೀನು ನಿಂತರೆ ಊಟ ಬಿಟ್ಟು ಓಡಿ ಬರುವ ಮನುಷ್ಯ. ಆದರೆ ಹೆಂಡತಿಯ ತಂಗಿಯ ಗಂಡ ಮನೆಗೆ ಬಂದು ಕೂತರೆ ಎಂಥವರೂ ಮೆತ್ತಗಾಗುತ್ತಾರೆ.

"ನದಾಫ ಬಾಯಿ, ಮಂದಿ ಒಪ್ಪಿ ಕೊಟ್ಟದ್ದನ್ನ ನೀವ್ಯಾಕ ತಡೀತೀರಿ? ನಿಮಗ ಇದರಾಗ ಏನೈತಿ?"

"ನನಗೇನಿಲ್ರಿ ಸರ್. ನನ್ನ ಸಹಿ ಐತಿ. ಓದಿ ಹೇಳೇನಿ ಅಂತ ಫಾರ್ಮಿನ ಕೆಳಗ ನಾನ ಸಹಿ ಮಾಡಬೇಕು. ಓದಿ ಹೇಳದ ಮಾಡಾಂಗಿಲ್ಲ. ನೀವು ಮಾಡ್ತೀರೇನು? ಮಾಡ್ರಿ, ಪೆನ್ ಕೊಡ್ತೇನಿ."

ಸಾಹೇಬರು ನನ್ನನ್ನೂ ಪೆನ್ನನ್ನೂ ನೋಡಿದರು. ತಮ್ಮ ಸಹಿ ಹಾಕುವಷ್ಟು ಪ್ರೀತಿ ಷಡ್ಡಕನ ಮೇಲೆ ಅವರಿಗಿರಲಿಲ್ಲ. "ಬಾಯ್ಲರ್ ಪೂಜೆ ತನಕ ಟೈಮ್. ಅಷ್ಟರೊಳಗ ಬರದವರನ್ನೆಲ್ಲಾ ಹಸಿರಿಗೆ ಹಾಕೂದು. ಹೋಗ್ರಿ," ಎಂದರು. ಬಾಯ್ಲರಿಗೆ ಬೆಂಕಿ ಹಾಕುವ ಪೂಜೆಗೆ ಇನ್ನೇನು ಒಂದೇ ತಿಂಗಳಿತ್ತು. ಹಂಗಾಮು ಇನ್ನೂ ಶುರುವಾಗಿರಲಿಲ್ಲ, ಅರ್ಧ ಜನ ತಂತಮ್ಮ ಊರುಗಳಲ್ಲಿದ್ದರು.

ನಾನು ಊರೂರು ತಿರುಗಿದೆ. ಮಮದಾಪುರ, ಮೇಲವಂಕಿ, ಮೂಡಲಗಿಯ ಗಲ್ಲಿಗಳು. ಚೀಲದಲ್ಲಿ ನಾಲ್ಕು ಬಣ್ಣದ ಹಾಳೆ. ಎಲ್ಲಿ ಹೋದರೂ ಒಂದೇ ಪ್ರಶ್ನೆ, "ಬಿಳಿಯವರು ಊಟ ಯಾವಾಗ ಹಾಕತಾರ್ರಿ?" ಏಜೆಂಟ್ ಊಟ ಹಾಕುವವನಿದ್ದ, ಹತ್ತರಗಿಯ ಹತ್ತಿರ ಹೆದ್ದಾರಿಯ ಧಾಬಾದಲ್ಲಿ. ಮಟನ್ನು ಬೇಕಾದವರಿಗೆ ಮಟನ್ನು, ಬೇಡದವರಿಗೆ ಹೋಳಿಗೆ. ಪ್ಯಾನಲ್ಲಿನ ಊಟಕ್ಕೆ ಹೋದವನು ಆ ಪ್ಯಾನಲ್ಲಿಗೇ ಓಟು ಹಾಕಬೇಕು, ಉಂಡು ಬೇರೆಯವರಿಗೆ ಹಾಕುವುದು ನಮ್ಮವರ ಪಾಲಿಗೆ ದೊಡ್ಡ ಪಾಪ. ಊಟ ನಡೆದುಬಿಟ್ಟರೆ ನನ್ನ ಕಥೆ ಮುಗಿಯಿತು ಎಂದು ಗೊತ್ತಾಯಿತು. ಸರಿ, ನಾನೂ ಕರೆಯದೆ ಆ ಊಟಕ್ಕೆ ಹೋದೆ.

ಮಧ್ಯಾಹ್ನದ ಬಿಸಿಲು. ಧಾಬಾದ ಶಾಮಿಯಾನದ ಕೆಳಗೆ ನಮ್ಮ ಇಡೀ ಮಿಲ್ ಹೌಸು, ಬಾಯ್ಲಿಂಗ್ ಹೌಸು ಕೂತಿತ್ತು. ಇನ್ನೂ ತಾಟಿಗೆ ಬಡಿಸಿರಲಿಲ್ಲ. ಹೆಂಗಸರ ಸಾಲಿನಲ್ಲಿ ಸುರೇಖಾ ತನ್ನ ಬಾಜೂ ಜಾಗ ಮಾಡಿ, "ಬರ್ರಿ ಬಾಯಾರ, ಕುಂಡ್ರ ಬರ್ರಿ," ಎಂದಳು. ನಾನು ಕೂರಲಿಲ್ಲ.

"ಏನ್ ಸಾಹೇಬ್ರ," ಎಂದೆ ಏಜೆಂಟನಿಗೆ, ಎಲ್ಲರಿಗೂ ಕೇಳುವಂತೆ. "ಊಟ ಭಾರಿ ಆಗೇತಿ. ಖರ್ಚು ಯಾರದು?"

"ನಂದ ಅಂತ ತಿಳೀರಿ ಮ್ಯಾಡಂ. ಪ್ರೀತಿ ಇದು."

"ವರ್ಷಕ್ಕ ಎಷ್ಟ ಹಿಡೀತೀರಿ ಇವರ ರೊಕ್ಕದಾಗ?"

"ಅಯ್ಯ, ನೂರಕ್ಕ ಬರೇ ಎರಡೂವರಿ ರೂಪಾಯಿ. ಒಂದ ಕಪ್ ಚಹಾದ್ದು ಲೆಕ್ಕಾ ಏನ್ರಿ?"

ನಾನು ನಮ್ಮವರ ಕಡೆ ತಿರುಗಿದೆ. ಅವರಲ್ಲಿ ಮುಕ್ಕಾಲು ಜನರ ಮನೆಯಲ್ಲಿ ಎಕರೆ ಎರಡೆಕರೆ ಕಬ್ಬಿದೆ. ಕಾರ್ಖಾನೆಗೆ ಬರುವ ಪ್ರತಿ ಗಾಡಿಯ ತೂಕದಲ್ಲಿ, ಕಬ್ಬು ಕಟ್ಟಿದ ರವದಿಯ, ಅಂದರೆ ಒಣ ಎಲೆಯ, ಸಲುವಾಗಿ ಎಂದು ಸ್ವಲ್ಪ ಕಡಿತ ಹಿಡಿಯುತ್ತಾರೆ. ಅದು ಹೆಚ್ಚಾಯಿತೆಂದು ಇವರ ಅಣ್ಣತಮ್ಮಂದಿರೇ ಗೇಟಿಗೆ ಬಂದು ಟಾಯರ್ ಸುಡುತ್ತಾರೆ. ಆ ಗಲಾಟೆಯಲ್ಲಿ ನನ್ನ ಆಫೀಸಿನ ಕಿಟಕಿ ಎರಡು ಸಲ ಒಡೆದಿತ್ತು.

"ಲೇ ರಾಮಪ್ಪ, ನಿಮ್ಮ ಗಾಡಿ ತೂಕದಾಗ ಕಡಿತ ಹಿಡದ್ರ ಏನ್ ಮಾಡ್ತೀರಿ?"

"ಬಿಡಾಂಗಿಲ್ರಿ. ಗೇಟ್ ಬಂದ್!"

"ಅದು ಈ ವರ್ಷದ ಕಬ್ಬಿನ ಮ್ಯಾಲ ಅಷ್ಟ, ಒಂದ ಸಲ. ಈ ಪುಣ್ಯಾತ್ಮ ಹಿಡಿಯೂದು ಈ ವರ್ಷದ ಕಬ್ಬಿನ ಮ್ಯಾಲ, ಹ್ವಾದ ವರ್ಷದ ಕಬ್ಬಿನ ಮ್ಯಾಲ, ಅದರ ಹಿಂದಿನ ವರ್ಷದ್ದರ ಮ್ಯಾಲ, ನೀವು ರಿಟೈರ್ ಆಗೂತನಾ ಪ್ರತಿ ವರ್ಷ ಎಲ್ಲಾದರ ಮ್ಯಾಲ! ಅದೂ ಬೀಜಕ್ಕ ಇಟ್ಟ ಕಬ್ಬಿನಾಗ ಹಿಡೀತಾನ. ಇವತ್ತು ಒಂದ ಗಳ ಒಯ್ದ್ರ ಮುಂದಿನ ವರ್ಷ ಅದರಿಂದ ಬರೂ ಹತ್ತು ಗಳ ಹ್ವಾದಂಗ. ಬಿಳಿ ಹಾಳಿಯವರು ಕೆಲವ ಪೈಸಾ ಹಿಡೀತಾರ. ಅದಕ್ಕ ಅವರ ಕಡೆ ನಿಮಗ ಊಟ ಹಾಕಾಕ ರೊಕ್ಕಿಲ್ಲ. ಈ ಮಟನ್ನು ಯಾರ ರೊಕ್ಕದ್ದು ಅಂತ ಈಗಾರ ತಿಳೀತ?"

ಏಜೆಂಟ್ ನಗಲು ನೋಡಿದ, ಆಗಲಿಲ್ಲ. ಆಗ ಸುರೇಖಾ ಎದ್ದು ನಿಂತಳು.

"ಬಾಯಾರ, ಒಂದ ಮಾತ. ಎಲ್ಲಾರೂ ಹಸರಿಗೆ ಹಾಕಿ, ನಾನೊಬ್ಬಾಕಿ ಬಿಳಿಗೆ ಹಾಕಿದ್ರ ನನ್ನ ರೊಕ್ಕ ಮುಳಗೂದಿಲ್ಲೇನ್ರಿ?"

"ಇಲ್ಲ. ನಿನ್ನ ಹೊಲದಾಗ ನೀ ಕಬ್ಬ ಹಚ್ಚಿದ್ರ, ಬಾಜೂ ಹೊಲದಾಂವ ಗೋಂಜಾಳ ಹಚ್ಚಿದಾ ಅಂತ ನಿನ್ನ ಕಬ್ಬ ಒಣಗತೈತೇನು?"

"ಹಂಗಾರ ನನ್ನ ಫಾರ್ಮ್ ವಾಪಸ್ ಕೊಡ ರಾಮಪ್ಪ," ಎಂದಳು. "ನಂಗ ಖೋಲಿ ಕಟ್ಟೂದೈತಿ."

ಅವಳು ಊಟ ಬಿಟ್ಟು ಹೊರಗೆ ನಡೆದಳು. ಅವಳ ಹಿಂದೆ ಹೆಂಗಸರ ಸಾಲು ಪೂರ್ತಿ ಎದ್ದಿತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಮಟನ್ ಬಿಟ್ಟು ಏಳುವುದು ಸಣ್ಣ ಮಾತೇ? ಕೊನೆಗೆ ಬಾಯ್ಲಿಂಗ್ ಹೌಸಿನ ಒಬ್ಬ ಹಿರಿಯ, "ಉಂಡ ರಿಣ ಬ್ಯಾಡಪಾ, ತಾಟಿನ ರೊಕ್ಕ ನಾವ ಕೊಡೂಣು," ಎಂದ. ಅದು ಎಲ್ಲರಿಗೂ ಒಪ್ಪಿತವಾಯಿತು. ತಂತಮ್ಮ ತಾಟಿನ ಹಣ ಧಾಬಾದವನ ಗಲ್ಲೆಗೆ ಹಾಕಿ, ಹೊಟ್ಟೆ ತುಂಬ ಉಂಡು, ಏಜೆಂಟನಿಗೆ ನಮಸ್ಕಾರ ಹೇಳಿ ಬಂದರು. ಹೊರಗೆ ನಿಂತಿದ್ದ ನಾವು ಹೆಂಗಸರೂ ಮತ್ತೆ ಒಳಗೆ ಹೋಗಿ, ರೊಕ್ಕ ಕೊಟ್ಟು ಹೋಳಿಗೆ ಉಂಡೆವು. ಅಷ್ಟು ರುಚಿಯ ಹೋಳಿಗೆ ನಾನು ಜನ್ಮದಲ್ಲಿ ತಿಂದಿಲ್ಲ.

ಮುಂದಿನ ವಾರಗಳಲ್ಲಿ ಒಬ್ಬೊಬ್ಬರೇ ಬಂದು ನನ್ನ ಮುಂದೆ ಕೂತರು. ಓದಿ ಹೇಳಿದೆ, ಅವರೇ ಟಿಕ್ ಹಾಕಿದರು. ಬಾಯ್ಲರಿಗೆ ಬೆಂಕಿ ಬೀಳುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಫಾರ್ಮು ಬಿಳಿ. ಪೂಜೆಯ ಪ್ರಸಾದ ಕೊಡುವಾಗ ಸಾಹೇಬರು ನನ್ನ ಕೈಗೆ ಎರಡು ಪೇಡೆ ಹಾಕಿ, "ನನ್ನ ಮನ್ಯಾಗ ಇವತ್ತ ನಂಗ ಊಟ ಇಲ್ಲ ಬಾಯಿ," ಎಂದು ನಕ್ಕುಬಿಟ್ಟರು. ಸೋತ ಮೇಲೆ ನಗುವ ಸಾಹೇಬ ನಿಮಗೆ ಸಿಕ್ಕರೆ, ಹೊಸಬರೇ, ಅವನ ಕೈಕೆಳಗೆ ಕೆಲಸ ಮಾಡಿ.

ರಾಮಪ್ಪ ಮಾತ್ರ ತನ್ನ ಫಾರ್ಮನ್ನು ಬದಲಿಸಲಿಲ್ಲ. ಮಾತು ಕೊಟ್ಟಿದ್ದೇನೆ ಎಂದ. ಒಂದೆರಡು ವರ್ಷಕ್ಕೆ ಹಸಿರಿನ ಕಡಿತ ಕಂಡು ಕಣ್ಣು ತೆರೆಯಿತು. ಆಗಲಾದರೂ ಬಿಳಿಗೆ ಬರಬಾರದೇ? ಇಲ್ಲ, ಅಲ್ಲೂ ಅವನ ಚುನಾವಣೆಯ ಬುದ್ಧಿ. ಪ್ರತಿ ವರ್ಷ ಬಂದು, "ಹ್ವಾದ ವರ್ಷ ಯಾರ ಗೆದ್ದಾರ್ರಿ?" ಎಂದು ಕೇಳಿ, ಗೆದ್ದ ಬಣ್ಣಕ್ಕೆ ಹಣ ತಿರುಗಿಸುತ್ತಿದ್ದ. ಅವನು ಆ ಬಣ್ಣಕ್ಕೆ ಸೇರಿದ ವರ್ಷವೇ ಅದು ಮಲಗುತ್ತಿತ್ತು. "ಬಿಟ್ಟ ಬಸ್ಸಿನ ಹಿಂದ ಓಡಬ್ಯಾಡೋ," ಎಂದು ನಾನು ಬೈಯುತ್ತಿದ್ದೆ. ಬಸ್ಸಿನ ಹಿಂದೆ ಓಡಿದ ಅನುಭವ ನನಗಿಂತ ಯಾರಿಗಿತ್ತು!

ಕೆಲಸದ ರೀತಿಯೂ ಬದಲಾಯಿತು. ಮೊದಲು ವರ್ಷಕ್ಕೊಮ್ಮೆ ಕಾಗದದಲ್ಲಿ ಖಾತೆಯ ವಿವರ ಬರುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂತು, ಆಮೇಲೆ ಮೊಬೈಲಿನಲ್ಲೇ ಆ್ಯಪ್ ಬಂತು. ಅದನ್ನು ಕಂಡು ಮೊದಲು ಕುಣಿದಾಡಿದವಳು ನಾನೇ, ಎಲ್ಲರ ಮೊಬೈಲಿಗೂ ಹಾಕಿಸಿದೆ. ಅದು ನನ್ನ ಇನ್ನೊಂದು ಪೆದ್ದತನ. ಹೊಸ ಪೋರರು ಚಹಾಕ್ಕೊಮ್ಮೆ, ಊಟಕ್ಕೊಮ್ಮೆ ತೆಗೆದು ನೋಡತೊಡಗಿದರು. ನೂರು ರೂಪಾಯಿ ಇಳಿದರೆ ಮುಖ ಬಾಡಿಸಿಕೊಂಡು ಬರುವವರು. ನೆಟ್ಟ ಸಸಿಯನ್ನು ದಿನಾ ಕಿತ್ತು ಬೇರು ನೋಡುತ್ತಾರೇನ್ರೋ ಎಂದು ಗದರಿ, ಆ್ಯಪ್ ತೆಗೆಸಲು ಮತ್ತೆ ಅಷ್ಟೇ ದಿನ ಹಿಡಿಯಿತು.

ಆಮೇಲೆ ಕೊರೊನಾ ಬಂತು. ಮಾರುಕಟ್ಟೆ ದಡದಡನೆ ಬಿತ್ತು. ನಮ್ಮದು ಸಕ್ಕರೆ, ಕಾರ್ಖಾನೆ ನಿಲ್ಲಲಿಲ್ಲ. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಜನ ನನ್ನ ಟೇಬಲ್ಲಿಗೆ ಮುಗಿಬಿದ್ದರು, ನೀಲಿಗೆ ಹಾಕ್ರಿ, ನೀಲಿಗೆ ಹಾಕ್ರಿ ಎಂದು. ರಾಮಪ್ಪ ಎಲ್ಲರಿಗಿಂತ ಮುಂದೆ. ಆಗ ಅವನು ಕೆಂಪಿನಲ್ಲಿದ್ದ, ಪೂರ್ತಿ ಬಿದ್ದ ಬೆಲೆಗೇ ಮಾರಿ ನೀಲಿಗೆ ಹೋದ. ಎಷ್ಟು ಹೇಳಿದರೂ ಕೇಳಲಿಲ್ಲ.

ಸುರೇಖಾ ಎಲ್ಲರೂ ಹೋಗುವ ತನಕ ಗೋಡೆಗೆ ಒರಗಿ ನಿಂತಿದ್ದಳು.

"ಬಾಯಾರ, ನೀವ್ ಹೇಳಿದ್ರಿ ಅಂತ ಹಾಕಿದ್ನಿ. ಈಗ ನನ್ನ ಖೋಲಿ ಗ್ವಾಡಿ ಬಿದ್ದಾವು."

ಖರೆ ಹೇಳುತ್ತೇನೆ, ನನಗೂ ಹೆದರಿಕೆಯಾಗಿತ್ತು. ಮುಖದ ಮೇಲೆ ಬಟ್ಟೆ ಇದ್ದುದು ಒಳ್ಳೆಯದಾಯಿತು.

"ನಿಂಗ ಕ್ವಾರ್ಟರ್ಸ್ ಬಿಡಾಕ ಇನ್ನೂ ವರ್ಷ ಅದಾವಿಲ್ಲ?"

"ಅದಾವ್ರಿ."

"ಪಗಾರ ಬರಾಕತ್ತೈತಿಲ್ಲ? ಈ ತಿಂಗಳ ಪಾಲಿಗೆ ಶೇರು ಸಸ್ತಾದಾಗ ಸಿಗಾಕತ್ತಾವು. ಸಂತ್ಯಾಗ ಇಟ್ಟಂಗಿ ರೇಟ್ ಇಳದ್ರ ಖೋಲಿ ಕಟ್ಟಾಕಿ ಇಟ್ಟಂಗಿ ಮಾರತಾಳೇನು, ತಗೋತಾಳೇನು?"

"ಮತ್ತ ಏಳದ ಹಂಗ ಬಿದ್ದ ಉಳಿದ್ರ?"

"ಹಂಗಾದ್ರ ದೇಶದಾಗಿನ ದೊಡ್ಡ ಕಂಪನಿ ಎಲ್ಲಾ ಬಾಗಲಾ ಹಾಕಿರತಾವು. ನಮ್ಮ ಕಾರ್ಖಾನಿನೂ ಇರೂದಿಲ್ಲ, ನನ್ನ ಪೆನ್ಷನ್ನೂ ಇರೂದಿಲ್ಲ. ನಾನೂ ನಿನ್ನ ಮೈದುನನ ಪಡಸಾಲಿಗೆ ಬರತೇನಿ. ಎರಡ ಹೊರಸು ಹಾಕಾಕ ಹೇಳು."

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಬಟ್ಟೆಯೊಳಗೇ ನಕ್ಕಳು, ಕಣ್ಣು ಸಣ್ಣದಾದುದು ಕಾಣಿಸಿತು. ಫಾರ್ಮ್ ಕೇಳಲಿಲ್ಲ, ತಿರುಗಿ ಡ್ಯೂಟಿಗೆ ಹೋದಳು. ಅಂದಿನ ಅವಳ ಧೈರ್ಯದ ಮುಂದೆ ನನ್ನ ಬಾಯಿಯ ಜೋರು ಏನೂ ಅಲ್ಲ. ಹಣ ಅವಳದಾಗಿತ್ತು.

ಮಾರುಕಟ್ಟೆ ಎದ್ದಿತು. ಬರೇ ಎದ್ದಿತೇ, ಮೊದಲಿದ್ದ ಮಟ್ಟ ದಾಟಿ ಹೋಯಿತು! ರಾಮಪ್ಪ ನೀಲಿಯಲ್ಲಿ ಕೂತು ಅದನ್ನು ನೋಡಿದ. ಮುಂದೆ ಯೂನಿಯನ್ನಿನ ಸಭೆಯಲ್ಲಿ ಅವನೇ ಎದ್ದು, "ಹೊಸಾದಾಗಿ ಬಂದವ್ರು ಕೇಳ್ರಿ. ಎಲ್ಲಾ ಪ್ಯಾನಲ್ಲಿಗೂ ಹೋಗಿ ಬಂದೇನಿ ನಾ. ಸುಮ್ಮ ಬಿಳಿಗೆ ಹಾಕಿ ಮರೀರಿ," ಎಂದನಂತೆ. ಆ ಸುದ್ದಿ ಕೇಳಿದ ದಿನ ನಾನು ಇಡೀ ವಿಭಾಗಕ್ಕೆ ಗೋಕಾಕದ ಕರದಂಟು ಹಂಚಿದೆ.

ಸುರೇಖಾಳ ನಿವೃತ್ತಿಗೆ ಮೂರು ವರ್ಷ ಇದ್ದಾಗ ನಾನೇ ಅವಳನ್ನು ಕರೆದು, ಇನ್ನು ಮೇಲೆ ಸ್ವಲ್ಪ ಸ್ವಲ್ಪವಾಗಿ ನೀಲಿಗೆ ಸರಿಸೋಣ ಎಂದೆ. ಅಷ್ಟು ದಿನ ಹೆದರಬೇಡ ಎಂದವಳು ಈಗ ಯಾಕೆ ಹೆದರುತ್ತೀರಿ ಎಂದು ಅವಳು ಕಾಡಿದಳು. ಹೆದರಿಕೆಯಲ್ಲ ಮಾರಾಯ್ತಿ, ಬೆಳೆದ ಕಬ್ಬನ್ನು ಕಡಿದು ಮನೆಗೆ ತರುವ ಹೊತ್ತು ಎಂದೆ. ಕೊನೆಯ ವರ್ಷ ಯೋಜನೆಯ ನಿಯಮದಂತೆ ಮನೆ ಕಟ್ಟಲು ಒಂದು ಪಾಲು ತೆಗೆಯಲು ಅರ್ಜಿ ಹಾಕಿಸಿದೆ. ಉಳಿದದ್ದು ತಿಂಗಳ ಪಿಂಚಣಿಗೆ. ಖಾತೆಯ ಮೊತ್ತ ಓದಿ ಹೇಳಿದಾಗ ಅವಳು, "ಇನ್ನೊಮ್ಮೆ ಓದ್ರಿ," ಎಂದಳು. ಓದಿದೆ. "ಇನ್ನೊಮ್ಮೆ," ಎಂದಳು. ಮೂರನೇ ಸಲವೂ ಓದಿದೆ. ಅವಳದೇ ಪಗಾರ, ಅವಳಷ್ಟೇ ಸರ್ವಿಸು ಇದ್ದ, ಆದರೆ ಹಸಿರಲ್ಲೇ ಉಳಿದವರ ಮೊತ್ತ ನನಗೆ ಗೊತ್ತಿತ್ತು. ಅವರದಕ್ಕೂ ಇವಳದಕ್ಕೂ ಇದ್ದ ಅಂತರದಲ್ಲಿ ಹತ್ತರಗಿಯಲ್ಲಿ ಒಂದು ಸಣ್ಣ ಜಾಗವೂ ಅದರ ಮೇಲೆ ಒಂದು ಮನೆಯೂ ಬರುತ್ತಿತ್ತು. ಬಂದೂಬಿಟ್ಟಿತು.

ನಾನು ನಿವೃತ್ತಳಾಗುವ ಎರಡು ವರ್ಷ ಮೊದಲು ಅವಳ ಕೊನೆಯ ದಿನ ಬಂತು. ಸಂಜೆ ಕ್ಯಾಂಟೀನ್ ಹಾಲಿನಲ್ಲಿ ಬೀಳ್ಕೊಡುಗೆ ಇತ್ತು. ಈಗ ಕಂಪ್ಯೂಟರು ಯಾರ ಮುಖವನ್ನೂ ನೋಡುವುದಿಲ್ಲ. ಕ್ವಾರ್ಟರ್ಸ್ ಖಾಲಿ ಮಾಡಿ ಎಂಬ ನೋಟಿಸನ್ನು ಬೆಳಿಗ್ಗೆಯೇ ಮುದ್ರಿಸಿ, ನಮ್ಮ ಹೊಸ ಕ್ಲಾರ್ಕ್ ನನ್ನ ಸಹಿಗೆಂದು ಇಟ್ಟುಹೋಗಿದ್ದಳು. ಅದರ ಮೇಲೆ ಸುರೇಖಾಳ ಹೆಸರು ನೋಡುತ್ತ ಪೆನ್ನು ತೆರೆಯದೆ ಕೂತಿದ್ದೆ. ಅಷ್ಟರಲ್ಲಿ ಅವಳೇ ಹೊಸ ಇಳಕಲ್ ಸೀರೆಯುಟ್ಟು ಬಂದಳು. ಎಂದಿನಂತೆ ಕೇಳದೆ ಕುರ್ಚಿ ಎಳೆದು ಕೂತು, ಸೆರಗಿನ ಗಂಟು ಬಿಚ್ಚಿ, ಕ್ವಾರ್ಟರ್ಸಿನ ಕೀಲಿಯನ್ನು ಆ ನೋಟಿಸಿನ ಮೇಲೇ ಇಟ್ಟಳು.

"ಇದೇನ? ಇನ್ನೂ ಒಂದ ತಿಂಗಳ ಇರಬಹುದಲ್ಲ ನೀ, ನಿಯಮ ಐತಿ," ಎಂದೆ.

"ಯಾಕಿರಲ್ರಿ ಬಾಯಾರ?" ಎಂದಳು. "ನಿನ್ನಿ ರಾತ್ರಿ ನಾ ಹತ್ತರಗ್ಯಾಗ ನನ್ನ ಮನ್ಯಾಗ, ಒಳಗಿಂದ ಚಿಲಕಾ ಹಾಕ್ಕೊಂಡು ಮಲಗೇನಿ."